ಭಾನುವಾರದ ಉಕ್ತಲೇಖನ

ಕಳೆದ ತಿಂಗಳು ಒಂದು ಬೆಳಿಗ್ಗೆ ಎದ್ದು ನೋಡಿದರೆ ಅಕ್ಕನ ಮಗಳ ವಾಯ್ಸ್ ಮೆಸೇಜ್ ಬಂದಿತ್ತು. ಮಾಂಟ್ರಿಯಲ್‌ನಲ್ಲಿ ಬೆಳಗಿನ ಆರು ಗಂಟೆ, ಹೊರಗಿನ್ನೂ ಕತ್ತಲೆ. ಒಲೆಯ ಮೇಲೆ ಹಾಲಿಟ್ಟು ಫೋನನ್ನು ಕಿವಿಗಿಟ್ಟುಕೊಂಡೆ. "ಬೊಂಜೂರ್ ಮದಾಂ, ಜ ವೂಜಪೆಲ್ ಓ ಸ್ಯುಜೆ ದ ವೋತ್ರ್ ಅನೋನ್ಸ್." ನಮಸ್ಕಾರ ಮೇಡಂ, ನಿಮ್ಮ ಜಾಹೀರಾತಿನ ವಿಚಾರವಾಗಿ ಫೋನ್ ಮಾಡುತ್ತಿದ್ದೇನೆ. ಅದರ ಹಿಂದೆಯೇ ಕನ್ನಡದಲ್ಲಿ, "ಚಿಕ್ಕಮ್ಮ, ಸರಿ ಇದ್ಯಾ ಕೇಳಿ ಹೇಳು. ಪರೀಕ್ಷೆಗೆ ಇನ್ನು ಐದೇ ವಾರ."

ಹಾಲು ಉಕ್ಕಿದ್ದು ಗೊತ್ತಾಗಲಿಲ್ಲ. ಹತ್ತು ವರ್ಷದ ಹಿಂದೆ ಇದೇ ವಾಕ್ಯವನ್ನು ನಾನು ಬಿಎಂಟಿಸಿ ಬಸ್ಸಿನಲ್ಲಿ, ಬಾತ್‌ರೂಮಿನಲ್ಲಿ, ಆಫೀಸಿನ ಮೆಟ್ಟಿಲ ಮೇಲೆ ಮಂತ್ರದ ಹಾಗೆ ಹೇಳಿಕೊಂಡು ಓಡಾಡಿದ್ದೆ. ಒಂದು ಪದವೂ ಬದಲಾಗಿಲ್ಲ.

ಅವಳು ಬರೆಯುತ್ತಿರುವುದು ಟೆಫ್ ಕೆನಡಾ. ಪ್ಯಾರಿಸ್ಸಿನ ವಾಣಿಜ್ಯ ಮಂಡಳಿ ನಡೆಸುವ ಫ್ರೆಂಚ್ ಪರೀಕ್ಷೆ ಇದು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ. ಈಚಿನ ವರ್ಷಗಳಲ್ಲಿ ಇದಕ್ಕೆ ಇಷ್ಟೊಂದು ಜನ ಮುಗಿಬೀಳಲು ಕಾರಣವಿದೆ. ಕ್ವಿಬೆಕ್ ಬಿಟ್ಟು ಉಳಿದ ಪ್ರಾಂತ್ಯಗಳಲ್ಲೂ ಫ್ರೆಂಚ್ ಮಾತಾಡುವವರು ನೆಲೆಸಲಿ ಎಂದು ಕೆನಡಾ ಸರ್ಕಾರ 2023ರಿಂದ ಅಂಥವರನ್ನೇ ಪ್ರತ್ಯೇಕವಾಗಿ ಕರೆಯುತ್ತಿದೆ. 2024ರ ಫೆಬ್ರವರಿ 29ರಂದು ಹಾಗೆ ಕರೆದಾಗ ವಲಸೆ ಅರ್ಜಿಗೆ 336 ಅಂಕವಿದ್ದವರಿಗೂ ಬಾಗಿಲು ತೆರೆದಿತ್ತು. ಆ ದಿನಗಳಲ್ಲಿ ಇಂಗ್ಲಿಷ್ ಒಂದನ್ನೇ ನೆಚ್ಚಿಕೊಂಡವರಿಗೆ 500 ದಾಟಿದರೂ ಸಾಲುತ್ತಿರಲಿಲ್ಲ. ಆದರೆ ನಾಲ್ಕೂ ಭಾಗದಲ್ಲಿ ಏಳನೇ ಹಂತ ಮುಟ್ಟಲೇಬೇಕು. ಒಂದರಲ್ಲಿ ಕಡಿಮೆಯಾದರೂ ಆ ಸಾಲಿನಲ್ಲಿ ಜಾಗವಿಲ್ಲ. ಫಲಿತಾಂಶಕ್ಕೆ ಎರಡೇ ವರ್ಷ ಆಯುಷ್ಯ.

ನನ್ನ ಕಾಲದ ದಾರಿ ಬೇರೆ. ತನಗೆ ಬೇಕಾದ ವಲಸಿಗರನ್ನು ತಾನೇ ಆರಿಸಿಕೊಳ್ಳುವ ಹಕ್ಕು ಕ್ವಿಬೆಕ್‌ಗೆ 1991ರ ಒಪ್ಪಂದದಿಂದ ಬಂದಿದೆ. ಅವರಿಗೆಂದೇ ಟೆಫಾಕ್ ಎಂಬ ಪರೀಕ್ಷೆ ಇತ್ತು. ಕೇಳುವುದು, ಮಾತಾಡುವುದು ಕಡ್ಡಾಯ, ಓದು ಬರಹ ಬೇಕಿದ್ದವರಿಗೆ. ನಲವತ್ತು ನಿಮಿಷಕ್ಕೆ ಅರವತ್ತು ಪ್ರಶ್ನೆ ಕೇಳಿಸುತ್ತಿದ್ದರು. ಈಗ ನಲವತ್ತಕ್ಕೆ ಇಳಿದಿದೆಯಂತೆ. ಅಕ್ಕನ ಮಗಳು ಕಂಪ್ಯೂಟರಿನ ಮುಂದೆ ಕೂರುತ್ತಾಳೆ. ನಾನು ಪೆನ್ಸಿಲಿನಲ್ಲಿ ಗುಂಡಿ ತುಂಬಿದವಳು.

ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಓದಿ ನಾನು ಪಿಯುಸಿಗೆ ಶಿವಮೊಗ್ಗಕ್ಕೆ ಬಂದೆ. ಇಂಗ್ಲಿಷ್ ಎಂದರೆ ಆಗ ಅವಮಾನದ ಇನ್ನೊಂದು ಹೆಸರು. ತರಗತಿಯಲ್ಲಿ ಎದ್ದು ನಿಂತು ಒಂದು ವಾಕ್ಯ ಹೇಳಿದಾಗ ಉಪನ್ಯಾಸಕರೇ ನಕ್ಕಿದ್ದರು. ಆ ನಗು ನನ್ನ ಕುತ್ತಿಗೆಯ ಹಿಂದೆ ಬಹಳ ವರ್ಷ ಕೂತಿತ್ತು. ಮುಂದೆ ಬೆಂಗಳೂರಿನ ಕಂಪನಿಯೊಂದರಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿತು, ಇಂಗ್ಲಿಷೂ ಬಂತು. ಆದರೆ ಪ್ರತಿ ಸಲ ಬಾಯಿ ತೆರೆಯುವ ಮೊದಲು ಸುತ್ತ ನೋಡುವ ಅಭ್ಯಾಸ ಹೋಗಲಿಲ್ಲ.

ಫ್ರೆಂಚಿನಲ್ಲಿ ಆ ಭಯ ಇರಲಿಲ್ಲ. ಆ ಭಾಷೆ ಯಾರಿಗೂ ಬರುತ್ತಿರಲಿಲ್ಲ. ಬರದಿದ್ದರೆ ನಗುವವರೂ ಇರಲಿಲ್ಲ.

2014ರಲ್ಲಿ, ಮೂವತ್ತು ದಾಟಿದ ಮೇಲೆ, ಮಲ್ಲೇಶ್ವರದ ಒಂದು ಹಳೇ ಮನೆಯ ನಡುಮನೆಯಲ್ಲಿ ನನ್ನ ಫ್ರೆಂಚ್ ಶುರುವಾಯಿತು. ಟೀಚರ್ ನಿವೃತ್ತರು, ಅರವತ್ತೈದರ ಆಸುಪಾಸು. ಭಾನುವಾರ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಪಾಠ. ನಾವು ಆರು ಜನ. ಮೊದಲ ದಿನ ಯಾರೋ "ಮದಾಂ" ಅಂದದ್ದಕ್ಕೆ "ಅದೆಲ್ಲ ಫ್ರೆಂಚಲ್ಲಿ ಮಾತಾಡೋವಾಗ. ನನ್ನ ಟೀಚರ್ ಅನ್ನಿ, ಸಾಕು" ಅಂದರು.

ಅವರು ಫ್ರೆಂಚನ್ನು ಕನ್ನಡದ ಮೂಲಕ ಕಲಿಸಿದರು. ಇದು ಎಂಥ ದೊಡ್ಡ ವಿಷಯ ಎಂದು ಆಗ ನನಗೆ ತಿಳಿಯಲಿಲ್ಲ. ವೂ ಮತ್ತು ತ್ಯು ಎಂಬ ಎರಡು ಸಂಬೋಧನೆ ಬಂದಾಗ ಇಂಗ್ಲಿಷ್ ಪುಸ್ತಕ ಎರಡು ಪುಟ ವಿವರಣೆ ಕೊಟ್ಟಿತ್ತು. ಟೀಚರ್ ಒಂದೇ ಸಾಲಿನಲ್ಲಿ ಮುಗಿಸಿದರು: "ನೀವು, ನೀನು. ಯಾರಿಗೆ ಯಾವುದು ಅಂತ ನಿಮಗೆ ನಾನು ಹೇಳ್ಕೊಡಬೇಕಾ?" ಮೇಜು ಹೆಣ್ಣು, ಪುಸ್ತಕ ಗಂಡು, ಸೂರ್ಯ ಗಂಡು, ಚಂದ್ರ ಹೆಣ್ಣು ಎಂದಾಗ ಮಾತ್ರ ನಾವು ಒದ್ದಾಡಿದೆವು. ಚಂದಮಾಮ ಎಂದು ಉಂಡು ಬೆಳೆದವರಿಗೆ ಚಂದ್ರನನ್ನು ಹೆಣ್ಣು ಅನ್ನಲು ನಾಲಗೆ ಹೊರಳುವುದಿಲ್ಲ. "ಕಾರಣ ಕೇಳಬೇಡಿ, ಸಂಸಾರದಲ್ಲಿ ಎಲ್ಲಕ್ಕೂ ಕಾರಣ ಇರುತ್ತಾ? ಹಾಡಿನ ಹಾಗೆ ಬಾಯಿಪಾಠ ಮಾಡಿ" ಅನ್ನುತ್ತಿದ್ದರು.

ಅವರ ಮೇಜಿನ ಮೇಲೆ ಅಂಗೈಯಗಲದ ಕನ್ನಡಿಯೊಂದು ಇರುತ್ತಿತ್ತು. ಸ್ಟೀಲಿನ ಕಟ್ಟು, ಒಂದು ಮೂಲೆಯಲ್ಲಿ ಪಾದರಸ ಕಿತ್ತುಹೋಗಿತ್ತು. ಫ್ರೆಂಚಿನಲ್ಲಿ ಒಂದು ಸ್ವರವಿದೆ, ಕನ್ನಡದ ವರ್ಣಮಾಲೆಯಲ್ಲಿ ಅದಕ್ಕೆ ಅಕ್ಷರವಿಲ್ಲ. ಟೀಚರ್ ಕನ್ನಡಿಯನ್ನು ನಮ್ಮ ಮುಂದೆ ಸರಿಸಿ, "ಒಳಗೆ ನಾಲಗೆ ಇ ಅನ್ನಲಿ. ಹೊರಗೆ ತುಟಿ ಉ ಅನ್ನಲಿ" ಅನ್ನುತ್ತಿದ್ದರು. ಒಬ್ಬೊಬ್ಬರಾಗಿ ಕನ್ನಡಿ ಹಿಡಿದು ತುಟಿ ನೋಡಿಕೊಳ್ಳಬೇಕು. ನನ್ನ ತುಟಿ ಗುಂಡಗಾದ ಕ್ಷಣ ನಾಲಗೆಯೂ ಹಿಂದೆ ಹೋಗಿಬಿಡುತ್ತಿತ್ತು. ಮೂರು ಭಾನುವಾರ ಬೇಕಾಯಿತು. ನಾಲ್ಕನೆಯದಕ್ಕೆ ಆ ಸ್ವರ ಬಂದಾಗ ಅವರು ಏನೂ ಹೇಳಲಿಲ್ಲ, ಕನ್ನಡಿಯನ್ನು ಪಕ್ಕದವರ ಕಡೆ ಸರಿಸಿದರು. ನನಗೆ ಅದಕ್ಕಿಂತ ದೊಡ್ಡ ಶಹಭಾಸ್‌ಗಿರಿ ಬೇಕಿರಲಿಲ್ಲ.

ಕೊನೆಯ ಅರ್ಧ ಗಂಟೆ ದಿಕ್ತೆ. ಅಂದರೆ ಉಕ್ತಲೇಖನ. ನಾಲ್ಕನೇ ಕ್ಲಾಸಿನಲ್ಲಿ ಬಿಟ್ಟುಬಂದ ಆ ಶಬ್ದ ಮತ್ತೆ ಎದುರಾದಾಗ ನನಗೆ ಬೇಸರವೇ ಆಯಿತು. ಕನ್ನಡದಲ್ಲಿ ಕೇಳಿದ ಹಾಗೆ ಬರೆದರೆ ಮುಗಿಯಿತು. ಫ್ರೆಂಚಿನಲ್ಲಿ ಅವನು ತಿನ್ನುತ್ತಾನೆ, ಅವರು ತಿನ್ನುತ್ತಾರೆ ಎರಡೂ ಕಿವಿಗೆ ಒಂದೇ: ಇಲ್ ಮಾಂಜ್. ಬರೆಯುವಾಗ ಮಾತ್ರ ಬಾಲದಲ್ಲಿ ಕೇಳಿಸದ ಅಕ್ಷರಗಳು. ತಿನ್ನುವವರು ಒಬ್ಬರೋ ಹಲವರೋ ಎಂದು ಹಿಂದಿನ ಮುಂದಿನ ಮಾತಿನಿಂದ ಹಿಡಿಯಬೇಕು. ಟೀಚರ್ ವಾಕ್ಯವನ್ನು ಮೂರು ಸಲ ಓದುತ್ತಿದ್ದರು. ಬರೆದಾದ ಮೇಲೆ ಬರೆದದ್ದನ್ನು ಗಟ್ಟಿಯಾಗಿ ತಿರುಗಿ ಓದಿಸುತ್ತಿದ್ದರು. "ಕೇಳಿದ್ದನ್ನ ಬರಿ. ಬರೆದದ್ದನ್ನ ಓದಿ ಹೇಳು. ಆಗ ತಾನೇ ಸರಿ ಕೇಳಿಸ್ತಾ ಇಲ್ವಾ ಗೊತ್ತಾಗೋದು?" ತಿದ್ದುವುದು ಹಸಿರು ಶಾಯಿಯಲ್ಲಿ. ಕೆಂಪು ನೋಡಿದರೆ ಮಕ್ಕಳು ಹೆದರುತ್ತವೆ ಎನ್ನುವುದು ಅವರ ಲೆಕ್ಕ. ನಮಗೆಲ್ಲ ಮೂವತ್ತು ದಾಟಿತ್ತು.

ಒಂದೂವರೆ ವರ್ಷ ಹೀಗೆ ಕಳೆಯಿತು. ಅಷ್ಟರಲ್ಲಿ ಕೆನಡಾದ ಮಾತು ಮನೆಯಲ್ಲಿ ಗಟ್ಟಿಯಾಗಿತ್ತು. ವಯಸ್ಸಿಗೂ ಅಂಕ ಇರುತ್ತದೆ. ಮೂವತ್ತೈದು ದಾಟಿದ ಮೇಲೆ ಆಗಿನ ಕ್ವಿಬೆಕ್ ಲೆಕ್ಕದಲ್ಲಿ ಅದು ವರ್ಷ ವರ್ಷ ಕರಗುತ್ತಿತ್ತು. ಪರೀಕ್ಷೆ ಯಾವಾಗ ತೆಗೆದುಕೊಳ್ಳಬಹುದು ಎಂದು ಟೀಚರನ್ನು ಕೇಳಿದರೆ, "ಇನ್ನೊಂದು ವರ್ಷ ಆಗ್ಲಿ" ಅಂದರು. ನನಗೆ ಸಿಟ್ಟು ಬಂತು. ಇವರಿಗೆ ಪರೀಕ್ಷೆಯೇ ಗೊತ್ತಿಲ್ಲ, ಹಳೇ ಕಾಲದವರು, ಭಾನುವಾರ ಹೊತ್ತು ಹೋಗಲಿ ಎಂದು ನಮ್ಮನ್ನು ಇಟ್ಟುಕೊಂಡಿದ್ದಾರೆ ಎಂದೆಲ್ಲ ಅಂದುಕೊಂಡೆ. ಇವತ್ತು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಅಂದುಕೊಂಡದ್ದು ನಿಜ.

ಸಹೋದ್ಯೋಗಿಯೊಬ್ಬರು ಒಂದು ಕೋಚಿಂಗ್ ಸೆಂಟರಿನ ಹೆಸರು ಹೇಳಿದರು. ನಾಲ್ಕು ತಿಂಗಳಲ್ಲಿ ಬಿ2 ಮಟ್ಟದ ಫ್ರೆಂಚ್ ಎಂದು ಬೋರ್ಡಿನಲ್ಲೇ ಬರೆದಿತ್ತು. ಅಲ್ಲಿಯ ಪಾಠವೂ ಭಾನುವಾರ ಬೆಳಿಗ್ಗೆಯೇ. 2016ರ ಜನವರಿಯಲ್ಲಿ ಟೀಚರಿಗೆ ಫೋನ್ ಮಾಡಿ, ಅಮ್ಮನಿಗೆ ಹುಷಾರಿಲ್ಲ, ಊರಿಗೆ ಹೋಗಿ ಬರುತ್ತಿರಬೇಕು, ಕೆಲವು ತಿಂಗಳು ಬರಲಾಗುವುದಿಲ್ಲ ಎಂದೆ.

"ಅಮ್ಮನ್ನ ನೋಡ್ಕೋ. ಪಾಠ ಎಲ್ಲೂ ಓಡಿಹೋಗಲ್ಲ" ಅಂದರು. ಎರಡು ವಾರದ ಮೇಲೆ ಅವರ ಇನ್ನೊಬ್ಬ ಶಿಷ್ಯೆಯ ಕೈಲಿ ಒಂದು ನೂರು ಹಾಳೆಯ ನೋಟ್‌ಬುಕ್ ನನ್ನ ಆಫೀಸಿಗೆ ಬಂತು. ಅದರಲ್ಲಿ ಅವರ ಕೈಬರಹದಲ್ಲೇ ನಲವತ್ತು ದಿಕ್ತೆಗಳು. ಮೊದಲ ಪುಟದಲ್ಲಿ ಕನ್ನಡದಲ್ಲಿ ಒಂದು ಸಾಲು: ಅಮ್ಮನಿಗೆ ನಿದ್ದೆ ಬಂದಾಗ ಬರೆದು ನೋಡು.

ಕೋಚಿಂಗ್ ಸೆಂಟರನ್ನು ನಾನು ಬಯ್ಯುವುದಿಲ್ಲ. ಅವರು ಮೋಸ ಮಾಡಲಿಲ್ಲ. ಪರೀಕ್ಷೆಯ ಒಳಹೊರಗು ಅವರಿಗೆ ಗೊತ್ತಿತ್ತು. ಮಾತಿನ ಪರೀಕ್ಷೆ ಹದಿನೈದು ನಿಮಿಷ. ಮೊದಲ ಐದು ನಿಮಿಷ ಜಾಹೀರಾತು ನೋಡಿ ಫೋನಿನಲ್ಲಿ ವಿಚಾರಿಸುವುದು, ಅಲ್ಲಿ ವೂ. ಉಳಿದ ಹತ್ತು ನಿಮಿಷ ಸ್ನೇಹಿತರನ್ನು ಒಂದು ಕೆಲಸಕ್ಕೆ ಒಪ್ಪಿಸುವುದು, ಅಲ್ಲಿ ತ್ಯು. ಎರಡಕ್ಕೂ ಟೆಂಪ್ಲೇಟ್ ಕೊಟ್ಟರು. ಬೆಲೆ ಕೇಳುವ ಎರಡು ರೀತಿ, ಸಮಯ ಕೇಳುವ ಎರಡು ರೀತಿ, ರಿಯಾಯಿತಿ ಕೇಳುವ ಒಂದು ವಾಕ್ಯ, ವಂದಿಸಿ ಫೋನ್ ಇಡುವ ಒಂದು ವಾಕ್ಯ. ಎಲ್ಲರೂ ಅದನ್ನೇ ಒಪ್ಪಿಸುತ್ತಿದ್ದೆವು. ಗಡಿಯಾರ ಹಿಡಿದು ನಿಲ್ಲುತ್ತಿದ್ದರು. ಟೀಚರ್ ಮನೆಯಲ್ಲಿ ಒಂದೂವರೆ ವರ್ಷದಲ್ಲಿ ನಾನು ಎಷ್ಟು ಮಾತಾಡಿದ್ದೆನೋ ಅದರ ದುಪ್ಪಟ್ಟು ಅಲ್ಲಿ ನಾಲ್ಕು ತಿಂಗಳಲ್ಲಿ ಮಾತಾಡಿದೆ. ಟೀಚರಿಗೆ ಪರೀಕ್ಷೆ ಗೊತ್ತಿಲ್ಲ ಅಂದುಕೊಂಡದ್ದು ಅಷ್ಟರ ಮಟ್ಟಿಗೆ ತಪ್ಪೇನಲ್ಲ. ಅವರ ಬಳಿಯೇ ಉಳಿದಿದ್ದರೆ ಆ ವರ್ಷ ನಾನು ಪಾಸಾಗುತ್ತಿರಲಿಲ್ಲ.

ಮೇ ತಿಂಗಳಲ್ಲಿ ಪರೀಕ್ಷೆ, ವಸಂತನಗರದಲ್ಲಿ. ಮೊದಲು ಹೆಡ್‌ಫೋನ್ ಹಾಕಿಕೊಂಡು ಕೇಳುವುದು. ರೈಲ್ವೆ ಸ್ಟೇಷನ್ನಿನ ಪ್ರಕಟಣೆ, ಆನ್ಸರಿಂಗ್ ಮೆಷಿನ್ನಿನಲ್ಲಿ ಬಿಟ್ಟ ಸಂದೇಶ, ರೇಡಿಯೋದ ಸಂದರ್ಶನ. ಫ್ರೆಂಚರು ಫೋನ್ ನಂಬರನ್ನು ಎರಡೆರಡು ಅಂಕಿ ಸೇರಿಸಿ ಹೇಳುತ್ತಾರೆ. ತೊಂಬತ್ತೊಂಬತ್ತಕ್ಕೆ ಅವರಲ್ಲಿ ಒಂದು ಪದವಿಲ್ಲ, ನಾಲ್ಕು ಇಪ್ಪತ್ತು ಹತ್ತು ಒಂಬತ್ತು ಎಂದು ಕೂಡಿಸಿ ಹೇಳಬೇಕು, ಕಾತ್ರ ವ್ಯಾಂ ದಿಜ್ ನೆಫ್. ನಾಲ್ಕು ಎಂದು ಕೇಳಿ ನಾಲ್ಕು ಬರೆದವರು ಕೆಟ್ಟರು. ಒಂದು ಪ್ರಶ್ನೆಯಲ್ಲಿ ಎಡವಿ ಅದನ್ನೇ ಯೋಚಿಸುತ್ತ ಕೂತರೆ ಮುಂದಿನ ಎರಡು ಹೋದಂತೆಯೇ.

ಮಾತಿನ ಕೋಣೆಯಲ್ಲಿ ಇಬ್ಬರು ಪರೀಕ್ಷಕರು, ನಡುವೆ ರೆಕಾರ್ಡರ್. ಅಡುಗೆ ತರಬೇತಿಯ ಜಾಹೀರಾತು ಬಂತು. ಟೆಂಪ್ಲೇಟ್ ನೀರಿನ ಹಾಗೆ ಹರಿಯಿತು. ಎರಡನೆಯದರಲ್ಲಿ, ರಜೆಯಲ್ಲಿ ಹಳ್ಳಿಯ ತೋಟದಲ್ಲಿ ಕೆಲಸ ಮಾಡಲು ಸ್ನೇಹಿತೆಯನ್ನು ಒಪ್ಪಿಸಬೇಕಿತ್ತು. ನಾನು ಬಾಯಿಪಾಠ ಶುರುಮಾಡಿದೆ. ಸ್ನೇಹಿತೆಯ ಪಾತ್ರದಲ್ಲಿದ್ದ ಪರೀಕ್ಷಕಿ, "ನನಗೆ ಸೊಂಟನೋವು, ನಾನು ಏನು ಮಾಡಲಿ ಅಲ್ಲಿ?" ಎಂದು ಕೇಳಿಬಿಟ್ಟರು. ಸೊಂಟನೋವಿಗೆ ಟೆಂಪ್ಲೇಟ್ ಇರಲಿಲ್ಲ. ಗಂಟಲು ಒಣಗಿತು. ಆಮೇಲೆ ಸಣ್ಣ ಸಣ್ಣ ವಾಕ್ಯಗಳಲ್ಲಿ ನಮ್ಮ ಅಡಿಕೆ ತೋಟದ ಕತೆ ಹೇಳಿದೆ. ಕೊಯ್ಲಿನ ಕಾಲದಲ್ಲಿ ನಮ್ಮ ಅಜ್ಜಿಗೂ ಸೊಂಟನೋವು ಇರುತ್ತಿತ್ತು, ಅವಳು ಮಣೆಯ ಮೇಲೆ ಕೂತು ಅಡಿಕೆ ಸುಲಿಯುತ್ತಿದ್ದಳು, ಎಲ್ಲರಿಗೂ ಹಾಡು ಹೇಳುತ್ತಿದ್ದಳು, ನೀನೂ ಬಾ, ಕೂತು ಮಾಡುವ ಕೆಲಸ ಇದ್ದೇ ಇರುತ್ತದೆ ಎಂದೆ. ಅಡಿಕೆಗೆ ಫ್ರೆಂಚಿನಲ್ಲಿ ಏನನ್ನುತ್ತಾರೆ ಗೊತ್ತಿರಲಿಲ್ಲ, "ನಮ್ಮೂರಿನ ಒಂದು ಕಾಯಿ" ಎಂದೆ. ಆಕೆ ಒಪ್ಪಿದರು.

ಬಿ2 ಬಂತು. ಮನೆಗೆ, ಊರಿಗೆ, ಕೋಚಿಂಗ್ ಸೆಂಟರಿಗೆ ಎಲ್ಲರಿಗೂ ಫೋನ್ ಮಾಡಿದೆ. ಟೀಚರಿಗೆ ಮಾಡಲಿಲ್ಲ. ಹೇಳಿದರೆ ಅಮ್ಮ ಹೇಗಿದ್ದಾರೆ ಎಂದು ಕೇಳುತ್ತಾರೆ. ಮುಂದಿನ ವಾರ ಮಾಡೋಣ ಎಂದುಕೊಂಡೆ. ಹಾಗೆ ಅಂದುಕೊಂಡೇ ಮೂರು ವರ್ಷ ಕಳೆದು ವಿಮಾನ ಹತ್ತಿದೆ.

ಆ ಕೋಚಿಂಗ್ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ದಾವಣಗೆರೆಯವರೊಬ್ಬರ ಫ್ರೆಂಚ್ ನನ್ನದಕ್ಕಿಂತ ಚೆನ್ನಾಗಿತ್ತು. 2019ರ ಫೆಬ್ರವರಿಯಲ್ಲಿ ಕ್ವಿಬೆಕ್ ಸರ್ಕಾರ ಬಾಕಿ ಉಳಿದಿದ್ದ ಸುಮಾರು 18,000 ಅರ್ಜಿಗಳನ್ನು ಕೈಬಿಡುವ ಮಸೂದೆ ತಂದಿತು, ಜೂನ್‌ನಲ್ಲಿ ಅದು ಕಾಯ್ದೆಯಾಯಿತು. ಅವರ ಅರ್ಜಿ ಆ ರಾಶಿಯಲ್ಲಿತ್ತು. ಅರ್ಜಿಯ ಶುಲ್ಕ ವಾಪಸ್ ಬಂತು. ಕಲಿತ ವರ್ಷಗಳನ್ನು ಯಾರು ಕೊಡುತ್ತಾರೆ? ನನ್ನ ಕಡತ ಅಷ್ಟರಲ್ಲಿ ಆ ಮೇಜು ದಾಟಿತ್ತು. ನನ್ನ ಯೋಗ್ಯತೆಯಿಂದ ಬಂದೆ ಎಂದು ಯಾರಾದರೂ ಹೊಗಳಿದಾಗ ನನಗೆ ಅವರ ನೆನಪಾಗುತ್ತದೆ.

ಮಾಂಟ್ರಿಯಲ್‌ಗೆ ಬಂದಾಗ ಬಿ2 ಸರ್ಟಿಫಿಕೇಟ್ ಬ್ಯಾಗಿನಲ್ಲಿತ್ತು, ಭಾಷೆ ಇರಲಿಲ್ಲ. ಇಲ್ಲಿಯ ಫ್ರೆಂಚ್ ಬೇರೆಯೇ ಲಯದ್ದು. ಕಾರಿಗೆ ಶಾರ್, ಮೂಲೆಯಂಗಡಿಗೆ ದೆಪನರ್, ಮಧ್ಯಾಹ್ನದ ಊಟಕ್ಕೆ ಫ್ರಾನ್ಸಿನವರು ರಾತ್ರಿಯೂಟಕ್ಕೆ ಹೇಳುವ ದಿನೆ. ಧಾರವಾಡಕ್ಕೆ ಮೊದಲ ಸಲ ಹೋದ ತೀರ್ಥಹಳ್ಳಿಯವಳ ಪಾಡು ನನ್ನದು. ಸರ್ಕಾರ ಹೊಸಬರಿಗೆ ಉಚಿತವಾಗಿ ಫ್ರೆಂಚ್ ಕಲಿಸುತ್ತದೆ. ಹನ್ನೆರಡು ಹಂತದ ಅವರ ಅಳತೆಗೋಲಿನಲ್ಲಿ ನನ್ನನ್ನು ಐದರಲ್ಲಿ ಕೂರಿಸಿದರು. ನನ್ನ ಕಾಗದದ ಪ್ರಕಾರ ಏಳೋ ಎಂಟೋ ಇರಬೇಕಿತ್ತು. ಕೊಲಂಬಿಯಾದವರು, ಇರಾನಿನವರು, ಫಿಲಿಪ್ಪೀನ್ಸಿನವರ ನಡುವೆ ಮತ್ತೆ ಬೆಂಚಿನ ಮೇಲೆ ಕೂತೆ.

ಅದಕ್ಕಿಂತ ನೋವು ಕೊಟ್ಟದ್ದು ಇನ್ನೊಂದು. ನಾನು ಕಷ್ಟಪಟ್ಟು ಫ್ರೆಂಚಿನಲ್ಲಿ ಎರಡು ಮಾತಾಡುವಷ್ಟರಲ್ಲಿ ಅಂಗಡಿಯವರು ಇಂಗ್ಲಿಷಿಗೆ ತಿರುಗಿಬಿಡುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ. ಇಲ್ಲಿ ಬೊಂಜೂರ್ ಹಾಯ್ ಎಂದು ಎರಡೂ ಭಾಷೆಯಲ್ಲಿ ಸ್ವಾಗತಿಸುವ ರೂಢಿಯಿದೆ. ಬೊಂಜೂರ್ ಒಂದೇ ಸಾಕು ಎಂದು ವ್ಯಾಪಾರಿಗಳನ್ನು ಕೋರುವ ನಿರ್ಣಯವನ್ನು ಕ್ವಿಬೆಕ್ ಶಾಸನಸಭೆ 2017ರ ನವೆಂಬರಿನಲ್ಲಿ ಒಮ್ಮತದಿಂದ ಮಾಡಿತ್ತು. ಅದನ್ನು ಓದಿದಾಗ ಬೆಂಗಳೂರಿನ ನನ್ನ ಆಫೀಸು ನೆನಪಾಯಿತು. ಪಟ್ನಾದಿಂದ ಬಂದಿದ್ದ ಹುಡುಗನೊಬ್ಬ ದಿನಾ ಬಂದು "ಊಟ ಆಯ್ತಾ ಮೇಡಂ" ಎಂದು ಕೇಳುತ್ತಿದ್ದ. ನಾನು ದಿನಾ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದೆ. ಅವನಿಗೆ ಅನುಕೂಲ ಮಾಡಿಕೊಡುತ್ತಿದ್ದೇನೆ ಎಂದೇ ತಿಳಿದಿದ್ದೆ. ಕೆಲವು ತಿಂಗಳಲ್ಲಿ ಅವನು ಕೇಳುವುದನ್ನು ನಿಲ್ಲಿಸಿದ. ಬಂದವರು ಕನ್ನಡ ಕಲಿಯುವುದಿಲ್ಲ ಎಂದು ನಾನೂ ಕ್ಯಾಂಟೀನಿನಲ್ಲಿ ಎಷ್ಟೋ ಸಲ ದೂರಿದ್ದೇನೆ. ಕಲಿಯಲು ಬಂದವನ ಬಾಯಿಂದ ಕನ್ನಡ ಕಿತ್ತುಕೊಂಡವಳು ನಾನೇ.

2020ರ ಫೆಬ್ರವರಿಯ ಒಂದು ರಾತ್ರಿ ಮಗಳಿಗೆ ಜ್ವರ ಏರಿತು. ಅವಳಿಗೆ ಆಗ ಎರಡು ವರ್ಷ. ಗಂಡ ರಾತ್ರಿ ಪಾಳಿಯಲ್ಲಿದ್ದರು. ಹೊರಗೆ ಹಿಮ. ಇಲ್ಲಿ 811ಕ್ಕೆ ಫೋನ್ ಮಾಡಿದರೆ ನರ್ಸ್ ಒಬ್ಬರು ಮಾತಾಡುತ್ತಾರೆ. ಇಂಗ್ಲಿಷಿಗೆ ಯಾವ ಅಂಕಿ ಒತ್ತಬೇಕೆಂದು ಮಗುವಿನ ಅಳುವಿನಲ್ಲಿ ನನಗೆ ಕೇಳಿಸಲಿಲ್ಲ. "ಬೊಂಜೂರ್ ಮದಾಂ, ಜ ವೂಜಪೆಲ್ ಓ ಸ್ಯುಜೆ ದ..." ಎಂದು ಬಾಯಿಗೆ ಬಂತು. ಅಲ್ಲಿಗೆ ಟೆಂಪ್ಲೇಟ್ ಮುಗಿಯಿತು. ಮಗಳು ಎಂದೆ, ಜ್ವರ ಎಂದೆ. ಆಕೆ ಜ್ವರ ಎಷ್ಟಿದೆ ಎಂದು ಕೇಳಿದರು. ಥರ್ಮಾಮೀಟರಿನಲ್ಲಿ 39.4 ಇತ್ತು. ಫ್ರೆಂಚಿನಲ್ಲಿ ಚುಕ್ಕಿಯ ಜಾಗದಲ್ಲಿ ಅಲ್ಪವಿರಾಮ ಹೇಳಬೇಕು, ವಿರ್ಗ್ಯುಲ್. ಅದೇ ಸ್ವರ, ಒಳಗೆ ಇ, ಹೊರಗೆ ಉ. ಸರಿಯಾಗಿ ಬಂತು.

ಆಮೇಲೆ ಆಕೆ ಬೇಗ ಬೇಗ ಹೇಳತೊಡಗಿದರು. ತೂಕ ಎಷ್ಟು, ನೀರು ಕುಡಿಯುತ್ತಿದ್ದಾಳಾ, ಔಷಧಿ ಎಷ್ಟು, ಎಷ್ಟು ಹೊತ್ತಿಗೊಮ್ಮೆ. ಪ್ಯಾರಾಸಿಟಮಾಲ್‌ಗೆ ಇಲ್ಲಿ ಅಸೆಟಾಮಿನೊಫೆನ್ ಎನ್ನುತ್ತಾರೆ, ಅದೇ ಇದು ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಕೈಗೆ ಸಿಕ್ಕ ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ಕೇಳಿದ್ದನ್ನು ಕೇಳಿದ ಹಾಗೆ ಗೀಚಿದೆ. ಅರ್ಥವಾದದ್ದು, ಆಗದ್ದು ಎಲ್ಲ. ಮಗು ಹೆಗಲ ಮೇಲೆ. ಮುಗಿದಾಗ, "ಮದಾಂ, ನಾನು ಬರೆದದ್ದನ್ನು ಓದಿ ಹೇಳುತ್ತೇನೆ" ಎಂದೆ. ಒಂದೊಂದೇ ಸಾಲು ಓದಿದೆ. ನಾಲ್ಕರಿಂದ ಆರು ಗಂಟೆಗೊಮ್ಮೆ ಎಂದು ಅವರು ಹೇಳಿದ್ದರು, ನಾನು ಬರೀ ಆರು ಬರೆದಿದ್ದೆ. ಅವರು ತಿದ್ದಿದರು. ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಹೊರಡಬೇಕು ಎಂಬ ಸಾಲನ್ನು ನಿಧಾನವಾಗಿ ಇನ್ನೆರಡು ಸಲ ಹೇಳಿದರು. ಒಟ್ಟು ಮೂರು ಸಲ.

ಬೆಳಗಿನ ಜಾವ ಜ್ವರ ಇಳಿಯಿತು. ಮಗು ಮಲಗಿದ ಮೇಲೆ ಆ ನೂರು ಹಾಳೆಯ ನೋಟ್‌ಬುಕ್ ಹುಡುಕಿ ತೆಗೆದೆ. ನಾಲ್ಕು ವರ್ಷ ಅದನ್ನು ತೆರೆದಿರಲಿಲ್ಲ. ಅಮ್ಮನಿಗೆ ನಿದ್ದೆ ಬಂದಾಗ ಬರೆದು ನೋಡು ಎಂಬ ಸಾಲನ್ನು ನೋಡಿ ಅಡುಗೆಮನೆಯಲ್ಲಿ ಕೂತು ಅತ್ತೆ. ಮರುದಿನ ಟೀಚರ್ ನಂಬರಿಗೆ ಫೋನ್ ಮಾಡಿದರೆ ಅದು ಚಾಲ್ತಿಯಲ್ಲಿರಲಿಲ್ಲ.

ಅಕ್ಕನ ಮಗಳ ಮೆಸೇಜ್ ಬಂದ ಆ ಬೆಳಿಗ್ಗೆ, ಉಚ್ಚಾರಣೆ ಚೆನ್ನಾಗಿದೆ, ಆದರೆ ಬಾಯಿಪಾಠ ಎಂದು ಗೊತ್ತಾಗುತ್ತದೆ ಎಂದು ತಿಳಿಸಿದೆ. ಒಂದು ಕೆಲಸವನ್ನೂ ಹೇಳಿದೆ. ಮುಂದಿನ ಶನಿವಾರ ಅವಳು ಮಲ್ಲೇಶ್ವರಕ್ಕೆ ಹೋಗಿ ಹುಡುಕಿದಳು. ಆ ಮನೆ ಇದ್ದ ಜಾಗದಲ್ಲಿ ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟ್ ಎದ್ದಿದೆ. ಎದುರಿನ ದಿನಸಿ ಅಂಗಡಿಯವರು, "ಅವರಾ? ಮಗನ ಮನೆಗೆ ಹೋದ್ರು, ಕೋವಿಡ್‌ಗೂ ಮುಂಚೆ. ಯಾವೂರೋ ಗೊತ್ತಿಲ್ಲಮ್ಮ" ಅಂದರಂತೆ.

ಈಗ ಭಾನುವಾರ ಅವಳಿಗೆ ರಾತ್ರಿ ಎಂಟಾದಾಗ, ನಮ್ಮಲ್ಲಿ ಬೆಳಿಗ್ಗೆ, ನಾನು ಆ ನೋಟ್‌ಬುಕ್ಕಿನಿಂದ ಒಂದು ದಿಕ್ತೆ ಓದುತ್ತೇನೆ. ಮೂರು ಸಲ. ಅವಳು ಬರೆದು, ತಿರುಗಿ ಓದಿ, ಫೋಟೋ ಕಳಿಸುತ್ತಾಳೆ. ನಾನು ಹಸಿರಿನಲ್ಲಿ ತಿದ್ದುತ್ತೇನೆ. ಟೆಂಪ್ಲೇಟುಗಳನ್ನೂ ಬಿಡಬೇಡ ಎಂದಿದ್ದೇನೆ, ಅವೂ ಬೇಕು. ಇಲ್ಲಿಯವರೆಗೆ ಐದು ದಿಕ್ತೆ ಆಗಿದೆ. ಅವಳ ಪರೀಕ್ಷೆ ಬರುವ ಮಂಗಳವಾರ.

ಮಲ್ಲೇಶ್ವರದಲ್ಲಿ ಭಾನುವಾರಗಳಂದು ಮನೆಯಲ್ಲಿ ಫ್ರೆಂಚ್ ಕಲಿಸುತ್ತಿದ್ದ, ಮೇಜಿನ ಮೇಲೆ ಕನ್ನಡಿ ಇಟ್ಟುಕೊಂಡಿದ್ದ ಟೀಚರನ್ನು ಬಲ್ಲವರು ಯಾರಾದರೂ ಇದನ್ನು ಓದಿದರೆ ಅವರಿಗೆ ಇಷ್ಟು ಮುಟ್ಟಿಸಿ: 2016ರ ಜನವರಿಯಲ್ಲಿ ನಮ್ಮಮ್ಮನಿಗೆ ಯಾವ ಕಾಯಿಲೆಯೂ ಇರಲಿಲ್ಲ.